ಜೊಂಡಿನ ಮೂಲೆಯ ಬಲೆ

ಮೀನು ಮೊಟ್ಟೆಯಿಡುವ ಕಾಲದಲ್ಲಿ ಜೊಂಡಿನ ಮೂಲೆಗೆ ಯಾರೂ ಬಲೆ ಹಾಕಬಾರದೆಂಬುದು ಸರೋವರದ ಮೀನುಗಾರರೆಲ್ಲ ಸೇರಿ ಮಾಡಿಕೊಂಡ ನಿಯಮ. ಮುರಿದವರ ಬಲೆಯನ್ನು ದಡದ ಮೇಲೆ, ಎಲ್ಲರೆದುರು ತುಂಡರಿಸಬೇಕು. ತುಂಡರಿಸಬೇಕಾದವರು ಆ ಮನೆಯವರೇ. ಪರರ ಕೈಯಿಂದಾದರೆ ಹಗೆ ಉಳಿಯುತ್ತದೆಂದು ಹಾಗೆ ಗೊತ್ತುಮಾಡಿದ್ದರು.

ಈ ನಿಯಮವನ್ನು ಸಭೆಯಲ್ಲಿ ಮೊದಲು ಸೂಚಿಸಿದವಳು ಮೀನುಗಾರರ ಸಮಿತಿಯ ಈಗಿನ ಅಧ್ಯಕ್ಷೆ. ಅಂದು ಬೆಳಿಗ್ಗೆ ಜೊಂಡಿನ ನಡುವಿನಿಂದ ಎಳೆದು ತಂದ ಬಲೆ ಅವಳ ತಂದೆಯದಾಗಿತ್ತು.

ತಂದೆಗೆ ಮರೆವಿನ ಕಾಯಿಲೆ. ಹೆಂಡತಿಯ ಸಾವು, ಸಮಿತಿ, ನಿಯಮ ಯಾವುದೂ ಅವರ ನೆನಪಿನಲ್ಲಿರಲಿಲ್ಲ. ತಾವೇ ಗಂಟು ಹಾಕಿ ನೇಯ್ದ ಆ ಬಲೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಾಗ ಮಾತ್ರ ಕೈಗೆ ಹಳೆಯ ಚುರುಕು, ಮಾತಿಗೊಂದು ಕ್ರಮ ಬರುತ್ತಿತ್ತು. ಮಗಳನ್ನು ಮಗಳೆಂದು ಗುರುತಿಸುತ್ತಿದ್ದುದೂ ಆಗಲೇ. ಹಿಂದಿನ ಸಂಜೆ ಅವಳು ಅಡುಗೆಮನೆಯಲ್ಲಿದ್ದಾಗ ದೋಣಿ ಬಿಚ್ಚಿಕೊಂಡು, ಯೌವನದಲ್ಲಿ ತಮಗೆ ಹೆಚ್ಚು ಮೀನು ಕೊಟ್ಟಿದ್ದ ಜಾಗಕ್ಕೇ ಹೋಗಿದ್ದರು.

ಮೀನು ತೂಗುವ ಶೆಡ್ಡಿನ ಮುಂದೆ ಜನ ಸೇರಿದರು.

“ಬಿಡಮ್ಮ, ದೊಡ್ಡಪ್ಪಂಗೆ ಏನು ಗೊತ್ತಾಗುತ್ತೆ? ನಿನ್ನೆ ನನ್ನ ದೋಣೀನ ಎಮ್ಮೆ ಅಂದ್ಕೊಂಡು ಬೆನ್ನು ಸವರ್ತಾ ಇದ್ರು,” ಎಂದ ದೋಣಿ ರಿಪೇರಿಯವನು.

“ಹಾಗಾದ್ರೆ ನಾಳೆಯಿಂದ ನಂಗೂ ಮರೆವು ಶುರು!” ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು.

ಎಲ್ಲರೂ ಆಚೆ ದಡದ ಅಕ್ಕ ಎಂದು ಕರೆಯುವ ಮೀನುಗಾರ್ತಿ ನಗಲಿಲ್ಲ. “ಹೋದ ಸಲ ನನ್ನ ಬಲೆ ನನ್ನ ಕೈಯಿಂದ್ಲೇ ತುಂಡು ಮಾಡಿಸಿದ್ರಲ್ಲ, ಆಗ ಮನೇಲಿ ಗಂಡ ಹಾಸಿಗೆ ಹಿಡಿದಿದ್ದ. ‘ಕಷ್ಟ ಎಲ್ರಿಗೂ ಇರುತ್ತೆ ಅಕ್ಕ, ಮೀನಿಗೆ ಅದು ಗೊತ್ತಾಗಲ್ಲ’ ಅಂದೋಳು ನೀನೇ ಅಲ್ವೇನೇ?”

ನಿಯಮ ಬಂದ ಮೇಲೆಯೇ ಸರೋವರದಲ್ಲಿ ಮರಿಮೀನು ಮತ್ತೆ ಕಾಣತೊಡಗಿತ್ತು. ಇಂದು ಒಬ್ಬರನ್ನು ಬಿಟ್ಟರೆ, ಪ್ರತಿ ಮನೆಯಲ್ಲೂ ಇಷ್ಟೇ ನ್ಯಾಯವಾದ ಒಂದು ಕಾರಣ ಸಿಗುತ್ತದೆ. ಅಧ್ಯಕ್ಷೆ ಕತ್ತರಿ ತೆಗೆದುಕೊಂಡಳು.

ಬಲೆಯ ಪಕ್ಕದಲ್ಲೇ ಕೂತಿದ್ದ ತಂದೆ, ಮೊದಲ ಎಳೆ ತುಂಡಾದ ಸದ್ದಿಗೆ ತಲೆಯೆತ್ತಿದರು. ಹರಿದ ಬಲೆಗೆ ತೇಪೆ ಹಾಕುವ ಮುನ್ನ ಸುತ್ತಲಿನ ಸವೆದ ಎಳೆಗಳನ್ನು ಕತ್ತರಿಸಿ ತೆಗೆಯುವುದು ವಾಡಿಕೆ. ಮಗಳು ಅದನ್ನೇ ಮಾಡುತ್ತಿದ್ದಾಳೆಂದು ತಿಳಿದು, ಅವರು ಬಲೆಯ ಅಂಚನ್ನು ಎರಡೂ ಕೈಗಳಿಂದ ಬಿಗಿಯಾಗಿ ಎಳೆದು ಹಿಡಿದರು.

“ಸಡಿಲ ಬಿಟ್ರೆ ಕತ್ತರಿ ಜಾರುತ್ತೆ ಮಗಳೇ. ಗಂಟಿನ ಹತ್ರ ಹಾಕು. ಹಾಂ, ಹಾಗೆ.”

ಅವಳು ಕತ್ತರಿಸಿದಳು. ಅವರು ಕೂತಲ್ಲೇ ಸರಿದು ಸರಿದು ಬಲೆಯ ಉದ್ದಕ್ಕೂ ಹಿಡಿದುಕೊಟ್ಟರು. ಕೊನೆಗೆ ಆಚೆ ದಡದ ಅಕ್ಕ ಮುಂದೆ ಬಂದು ಅವಳ ಮುಂಗೈ ಹಿಡಿದಳು. “ಸಾಕು ಬಿಡೇ. ನೋಡೋಕಾಗಲ್ಲ.”

“ನಿಮ್ದೂ ಪೂರ್ತಿ ತುಂಡು ಮಾಡಿಸಿದ್ವಲ್ಲ ಅಕ್ಕ,” ಎಂದು ಅವಳು ಮೆಲ್ಲನೆ ಕೈ ಬಿಡಿಸಿಕೊಂಡಳು.

ಕೊನೆಯ ತುಂಡು ರಾಶಿಗೆ ಬಿದ್ದಿತು. ಜನ ಒಬ್ಬೊಬ್ಬರಾಗಿ ದೋಣಿಗಳ ಕಡೆ ಸರಿದರು. ತಂದೆ ಎರಡು ತುಂಡುಗಳನ್ನು ತೊಡೆಯ ಮೇಲೆಳೆದುಕೊಂಡು, ಅಂಚಿಗೆ ಅಂಚು ಕೂಡಿಸಿ ನೋಡಿದರು.

“ಕೆಲಸ ಜಾಸ್ತಿ ಇದೆ. ಇರ್ಲಿ, ಕತ್ತಲಾಗೋದ್ರೊಳಗೆ ಮುಗಿಸೋಣ. ದಾರ ತಗೊಂಬಾ.”

ಅವಳು ಎದ್ದು ಶೆಡ್ಡಿನೊಳಗೆ ಹೋಗಿ, ದಾರದ ಉಂಡೆಗಳ ಮುಂದೆ ನಿಂತಳು.

“ದಪ್ಪದ್ದು ಬೇಡ, ಸಣ್ಣದು,” ಎಂದು ಹೊರಗಿನಿಂದ ಅವರು ಕೂಗಿದರು.