ನಂಬರ್ ಪ್ಲೇಟಿನ ಕೆಳಗಿನ ಬಣ್ಣ

ಪ್ರಯಾಣಿಕರನ್ನು ಕಾಯುವ ಸಂತ ಕ್ರಿಶ್ತೋಫನ ಭಾನುವಾರ ಹತ್ತಿರ ಬಂತೆಂದರೆ ನನ್ನ ಕಾರು ತೊಳೆಯುವ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನ ಪ್ರಾರ್ಥನೆ ಮುಗಿದ ಮೇಲೆ ಊರಿನ ಕಾರುಗಳೆಲ್ಲ ಸಾಲಾಗಿ ಚರ್ಚಿನ ಮುಂದೆ ಹಾದುಹೋಗುತ್ತವೆ, ಪಾದ್ರಿಗಳು ಒಂದೊಂದರ ಮೇಲೂ ಪವಿತ್ರ ನೀರು ಚಿಮುಕಿಸುತ್ತಾರೆ. ವರ್ಷವಿಡೀ ಕಾರನ್ನು ಕೋಳಿಗೂಡಿನ ಹಾಗೆ ಇಟ್ಟುಕೊಂಡವನೂ ಶನಿವಾರ ಓಡಿ ಬರುತ್ತಾನೆ. ನಾನು ಬೋಸ್ನಿಯಾದಿಂದ ಬಂದ ಮುಸಲ್ಮಾನ. ಆಶೀರ್ವಾದ ಪಾದ್ರಿಗಳದು, ಹೊಳಪು ನನ್ನದು ಎಂದು ಇಪ್ಪತ್ತೆರಡು ವರ್ಷದಿಂದ ಹೊಂದಿಕೊಂಡು ಹೋಗುತ್ತಿದ್ದೇವೆ.

ಹೊಳಪು ಎಂದೆ, ಆದರೆ ಹೊಳಪನ್ನು ಕಂಡರೆ ನನಗಾಗುವುದಿಲ್ಲ. ಟೈರಿಗೆ ಹಚ್ಚುವ ಲೇಪದಲ್ಲಿ ಎರಡು ಜಾತಿ. ಒಂದು ಎಣ್ಣೆಯಂಥದ್ದು. ಹಚ್ಚಿದ ದಿನ ಟೈರು ಕನ್ನಡಿಯಾಗುತ್ತದೆ, ಮಾರನೆಯ ದಿನ ರಸ್ತೆಯ ಧೂಳನ್ನೆಲ್ಲ ಮೆತ್ತಿಕೊಳ್ಳುತ್ತದೆ, ಕಾರು ಓಡಿದಂತೆ ಸಿಡಿದು ಬಾಗಿಲ ಮೇಲೆ ಚುಕ್ಕೆ ಇಡುತ್ತದೆ. ಇನ್ನೊಂದು ಹಾಲಿನಂತೆ ಬೆಳ್ಳಗಿರುವ, ನೀರಿನಲ್ಲಿ ಕಲಸಿದ ಲೇಪ. ರಬ್ಬರಿನೊಳಗೆ ಇಳಿಯುತ್ತದೆ, ಬಿಸಿಲು ತಡೆಯುತ್ತದೆ, ಹೊಸ ಟೈರಿನ ಸಹಜ ಕಪ್ಪನ್ನು ಮಾತ್ರ ಉಳಿಸುತ್ತದೆ. ಗಿರಾಕಿಗಳು ಮೊದಲನೆಯದನ್ನೇ ಕೇಳುತ್ತಾರೆ. ನಾನು ಎರಡನೆಯದನ್ನು ಹಚ್ಚಿ, ಮೊದಲನೆಯದು ಮುಗಿದಿದೆ ಎಂದು ಸುಳ್ಳು ಹೇಳುತ್ತೇನೆ.

ಈ ವಿಷಯದಲ್ಲಿ ನನ್ನಷ್ಟೇ ಹಟ ಇರುವ ಇನ್ನೊಬ್ಬ ಮನುಷ್ಯನೆಂದರೆ ನನ್ನ ಮಾವ ಲುದ್ವಿಕ್ ಬ್ರುಲ್ತ್ಸ್. ಎಂಬತ್ತೊಂದು ವರ್ಷ. ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ವಾಸ. ಹತ್ತಿರದ ನೊವೊ ಮೆಸ್ತೊ ಪಟ್ಟಣದ ಕಾರ್ಖಾನೆಯಲ್ಲಿ ಹದಿನೇಳು ವರ್ಷ 'ರೆನೋ ನಾಲ್ಕು' ಎಂಬ ಮಾದರಿಯ ಕಾರಿಗೆ ಬಂಪರ್ ಕೂರಿಸಿದವನು. ಊರವರು ಮುದ್ದಿನಿಂದ 'ನಾಲ್ಕಿ' ಎನ್ನುವ ಆ ಪುಟ್ಟ ಕಾರು ಅವನ ಬಳಿ ಇನ್ನೂ ಒಂದಿದೆ, ಬಂಪರ್ ಸಹಿತ ಅವನ ಕೈಯಲ್ಲೇ ಹುಟ್ಟಿದ್ದು. ಮಗಳನ್ನು ನನಗೆ ಕೊಟ್ಟ, ಒಲ್ಲದ ಮನಸ್ಸಿನಿಂದ. ನಾಲ್ಕಿಯ ಬಾಗಿಲ ಹಿಡಿಯನ್ನು ಮುಟ್ಟಲು ಮಾತ್ರ ಒಂದು ದಿನವೂ ಬಿಡಲಿಲ್ಲ. ಕಾರು ತೊಳೆಯುವುದೇ ನನ್ನ ಕಸುಬು, ಮನೆಯ ಕಾರನ್ನೇ ತೊಳೆಯುವಂತಿಲ್ಲ. ಈ ಅವಮಾನವನ್ನು ನಾನು ನುಂಗಿಕೊಂಡಿದ್ದೆ, ಅರಗಿಸಿಕೊಂಡಿರಲಿಲ್ಲ.

ಈ ವರ್ಷ ಶುಕ್ರವಾರ ಬೆಳಿಗ್ಗೆ ಅವನು ಕೋಲೂರಿಕೊಂಡು ಅಂಗಳಕ್ಕೆ ಇಳಿದು ಬಂದು ನನ್ನ ಮೇಜಿನ ಮೇಲೆ ಕೀಲಿ ಇಟ್ಟ.

"ಏನ್ ಮೇಸ್ತ್ರಿ, ಸೊಂಟ ಬಗ್ತಿಲ್ಲ. ನಾಲ್ಕೀನ ನೀನೇ ತೊಳಿ."

"ನಾನಾ?"

"ಇನ್ಯಾರು, ಪೋಪ್ ಬರ್ತಾರಾ? ನೋಡು, ಟೈರು ಹೊಳೀಬಾರ್ದು. ಹೊಳೆಯೋ ಟೈರು ನೋಡಿದ್ರೆ ನಂಗೆ ಎಣ್ಣೇಲಿ ಬಿದ್ದ ಸಾಸೇಜ್ ನೆನಪಾಗುತ್ತೆ."

"ನಂಗೆ ಹೇಳ್ಕೊಡ್ತೀರಾ ಮಾವ?"

"ಹೇಳ್ಕೊಡ್ಬೇಕು. ತಿಂಕಾರಾ ನನ್ ಪಕ್ಕ ಕೂರ್ತಾಳೆ ಭಾನುವಾರ, ಮಗೂ ಬಟ್ಟೆಗೆ ಕರೆ ಆಗ್ಬಾರ್ದು. ಈಗ ಗೊತ್ತಾಗುತ್ತೆ, ನೀನು ಕೆಲ್ಸಗಾರನೋ ಬರೀ ನೀರು ಹುಯ್ಯೋನೋ ಅಂತ."

ತಿಂಕಾರಾ ನನ್ನ ಒಂಬತ್ತು ವರ್ಷದ ಮಗಳು. ಪ್ರತಿ ವರ್ಷ ಆ ಸಾಲಿನಲ್ಲಿ ಅಜ್ಜನ ಪಕ್ಕ ಕೂತು ರಾಣಿಯ ಹಾಗೆ ಕೈ ಬೀಸುತ್ತಾಳೆ.

ಶನಿವಾರ ಗಿರಾಕಿಗಳನ್ನೆಲ್ಲ ಮಧ್ಯಾಹ್ನಕ್ಕೇ ಸಾಗಹಾಕಿ ನಾಲ್ಕಿಯನ್ನು ನೆರಳಿಗೆ ತಂದೆ. ಬಿಸಿ ರಬ್ಬರಿಗೆ ಲೇಪ ಹಚ್ಚಿದರೆ ಪಟ್ಟೆ ಪಟ್ಟೆಯಾಗಿ ಒಣಗುತ್ತದೆ. ಟೈರಿನ ಪಕ್ಕೆಗಳನ್ನು ಬ್ರಷ್ಷಿನಿಂದ ಉಜ್ಜಿದೆ, ಕಂದು ನೊರೆ ಬೆಳ್ಳಗಾಗುವವರೆಗೂ ನಾಲ್ಕು ಸಲ. ಒಣಗಲು ಬಿಟ್ಟೆ. ಆಮೇಲೆ ಸ್ಪಂಜಿನಲ್ಲಿ ತೆಳ್ಳಗೆ ಹಾಲು ಲೇಪ, ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒಂದು ಸುತ್ತು. ರಸ್ತೆಗೆ ತಾಗುವ ಭಾಗಕ್ಕೆ ಒಂದು ಹನಿಯೂ ತಾಗದಂತೆ ನೋಡಿಕೊಂಡೆ, ಅಲ್ಲಿ ತಾಗಿದರೆ ಕಾರು ಮೊದಲ ತಿರುವಿನಲ್ಲೇ ಜಾರುತ್ತದೆ. ಕೆಲಸ ಚೆನ್ನಾಗಿ ಬಂತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಬಂಪರ್ ಕಣ್ಣಿಗೆ ಬಿತ್ತು. ಪ್ಲಾಸ್ಟಿಕ್ ಬಂಪರ್, ಒಲೆಯ ಬೂದಿಯ ಬಣ್ಣ, ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ. ನನ್ನ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ: ಕಪ್ಪಗಿದ್ದದ್ದು ಬಿಸಿಲಿಗೆ ಸತ್ತಿದೆ. ದಿನಕ್ಕೆ ಹತ್ತು ಕಾರಿನಲ್ಲಿ ಇದನ್ನೇ ನೋಡುತ್ತೇನೆ. ಪಾಪ, ಮುದುಕನಿಗೆ ಕೈಲಾಗಿಲ್ಲ, ನಾನು ಅದನ್ನು ಹುಟ್ಟಿದ ದಿನದ ಹಾಗೆ ಮಾಡಿ ತೋರಿಸುತ್ತೇನೆ ಅಂದುಕೊಂಡೆ. ಒಂದು ಮಳೆಗೆ ತೊಳೆದುಹೋಗುವ ಎಣ್ಣೆ ಬೇಡ, ಎರಡು ತಿಂಗಳು ನಿಲ್ಲುವ ಹಾಲು ಲೇಪವೂ ಬೇಡ ಎಂದು, ಎರಡು ವರ್ಷ ಕೂರುವ ಕಪ್ಪು ಲೇಪದ ಸೀಸೆಯನ್ನೇ ತೆರೆದೆ. ಮುಂದೆ, ಹಿಂದೆ, ಬಾಗಿಲ ಕೆಳಗಿನ ಪಟ್ಟಿ, ಎಲ್ಲಕ್ಕೂ ಹಚ್ಚಿದೆ. ಒಂದು ಗೆರೆ ಕೂಡ ಆಚೀಚೆ ಹೋಗಲಿಲ್ಲ. ಹಚ್ಚುತ್ತ ಸಣ್ಣಗೆ ಹಾಡಿಕೊಂಡೆ ಎಂದರೂ ಸುಳ್ಳಲ್ಲ.

ಪ್ಲಾಸ್ಟಿಕ್ಕಿಗೆ ಕೈ ಹಾಕುವ ಮೊದಲು ನಂಬರ್ ಪ್ಲೇಟ್ ಬಿಚ್ಚಬೇಕು ಎಂದು ಕಂಡವರಿಗೆಲ್ಲ ಉಪದೇಶ ಮಾಡುವವನು ನಾನು. ನಾಲ್ಕಿಯ ಮುಂದಿನ ಪ್ಲೇಟು ಬಂಪರಿನ ಮೇಲೇ ಕೂತಿತ್ತು, ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಕೊನೆಗೆ ನೋಡೋಣ ಎಂದು ಬಿಟ್ಟಿದ್ದೆ. ಕೊನೆಗೆ ಬಿಚ್ಚಿದೆ. ನಲವತ್ತು ವರ್ಷದಿಂದ ಒಂದು ಕಿರಣ ಬಿಸಿಲೂ ಕಾಣದ ಜಾಗ, ಕಾರ್ಖಾನೆಯಿಂದ ಬಂದ ಹಾಗೇ ಇದ್ದ ನುಣುಪು ಪ್ಲಾಸ್ಟಿಕ್. ಅದು ಬೂದು ಬಣ್ಣದ್ದಾಗಿತ್ತು.

ಅದು ಹುಟ್ಟುವಾಗಲೇ ಬೂದು. ಮಾವ ಹದಿನೇಳು ವರ್ಷ ಕೂರಿಸಿದ್ದೆಲ್ಲ ಬೂದು. ಒಂದು ಮೂಲೆಯಲ್ಲಿ ಲೇಪ ಕರಗಿಸುವ ದ್ರಾವಣ ಹಾಕಿ ಉಜ್ಜಿ ನೋಡಿದೆ. ಕಪ್ಪಿನ ಜೊತೆ ಪ್ಲಾಸ್ಟಿಕ್ಕೂ ಅಂಟಂಟಾಗಿ ಏಳತೊಡಗಿತು, ನಿಲ್ಲಿಸಿದೆ. ಆ ಮೂಲೆಗೆ ಮತ್ತೆ ಕಪ್ಪನ್ನೇ ಹಚ್ಚಬೇಕಾಯಿತು.

ನನ್ನ ಹೆಂಡತಿ ದಾರ್ಯಾ ಕಾಫಿ ತಂದವಳು ನೋಡಿ ಅಲ್ಲೇ ನಿಂತಳು.

"ಅಯ್ಯೋ ಮಿರ್ಸಾದ್. ಅಪ್ಪ ಇನ್ ಹತ್ತು ವರ್ಷ ನಿನ್ನ ಮಾತಾಡ್ಸಲ್ಲ."

"ಈಗ ಮಹಾ ಮಾತಾಡ್ಸ್ತಿದ್ದಾರಾ?"

"ನಗ್ಬೇಡ. ಅವ್ರು ಬರೋ ಹೊತ್ತಾಯ್ತು."

ಕೋಲಿನ ಸದ್ದು ಆಗಲೇ ಕೇಳಿಸುತ್ತಿತ್ತು. ಸಂಜೆ ಐದರ ಬಿಸಿಲು, ಇನ್ನೂ ಬೆಳಕು ಧಾರಾಳ. ದಾರ್ಯಾ ಕಾಫಿ ಹಿಡಿದು ನೀರಿನ ಪಂಪಿನ ಪಕ್ಕಕ್ಕೆ ಸರಿದಳು. ನಾನು ಪ್ಲೇಟನ್ನು ಕೈಯಲ್ಲಿ ಹಿಡಿದು ತಪ್ಪಿತಸ್ಥ ಹುಡುಗನ ಹಾಗೆ ನಿಂತೆ.

ಲುದ್ವಿಕ್ ಬಾನೆಟ್ಟಿಗೆ ಒರಗಿ ಬಿಳಿ ಕರ್ಚೀಫು ತೆಗೆದು ಮುಂದಿನ ಟೈರನ್ನು ಒರೆಸಿದ. ಹೆಬ್ಬೆರಳಿನಿಂದ ಬಟ್ಟೆಯನ್ನು ಉಜ್ಜಿ ನೋಡಿದ, ಮೂಸಿದ. "ಅಂಟಿಲ್ಲ. ಎಣ್ಣೆ ವಾಸ್ನೆ ಇಲ್ಲ. ಭೇಷ್" ಎಂದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕಾರಿನ ಮುಖವನ್ನು ದಿಟ್ಟಿಸಿದ. ಕಡುಕಪ್ಪು ಬಂಪರ್, ಅದರ ನಡುವೆ ಕಿಟಕಿ ತೆರೆದ ಹಾಗೆ ಒಂದು ಬೂದು ಚೌಕ.

"ಬೂದು ಬಣ್ಣ ಹಾಗೇ ಇಟ್ಟಿದ್ದೀಯ" ಎಂದ. "ಬೇರೆಯೋನಾಗಿದ್ರೆ ಕರಿ ಬಳಿದು ಹೆಣದ ಪೆಟ್ಟಿಗೆ ಮಾಡ್ಬಿಡ್ತಿದ್ದ. ನೀನು ಕೆಲ್ಸಗಾರ ಕಣಯ್ಯ."

ಚುಚ್ಚುತ್ತಿದ್ದಾನೆ ಎಂದುಕೊಂಡೆ. ಅವನ ಕುಹಕ ನನಗೇನೂ ಹೊಸದಲ್ಲ. ಆದರೆ ಮುಖದಲ್ಲಿ ಕುಹಕವಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಾಣದ ಒಂದು ಮೆದುತನ ಇತ್ತು.

"ನಂಬರ್ ಪ್ಲೇಟೂ ಲಕಲಕ ಅಂತಿದೆ" ಎಂದ.

ಪ್ಲೇಟು ನನ್ನ ಕೈಯಲ್ಲಿತ್ತು.

ಒಂದೊಂದೇ ನೆನಪಾದವು. ವಸಂತದಲ್ಲಿ ಗೇಟಿನ ಕಂಬಕ್ಕೆ ಕಾರು ತರಚಿದ ಗುರುತಿಗೆ ಅಂಚೆಯವಳೇ ಕಾರಣ ಎಂದು ಬೈದಿದ್ದ. ಓದುವ ಅಭ್ಯಾಸವಾಗಲಿ ಎಂದು ದಿನಾ ತಿಂಕಾರಾಳಿಂದ ಪತ್ರಿಕೆ ಓದಿಸಿ ಕೇಳುತ್ತಿದ್ದ. ಕಣ್ಣಿನ ವೈದ್ಯರ ಬಳಿ ಒಬ್ಬನೇ ಹೋಗಿ ಬಂದು, ಎಲ್ಲ ಸರಿಯಿದೆ, ಇನ್ನೂ ಓಡಿಸಬಹುದು ಎಂದಿದ್ದ. ನಾಳೆ ಚರ್ಚಿನ ಮುಂದಿನ ರಸ್ತೆಯ ಎರಡೂ ಬದಿಯಲ್ಲಿ ಅಲ್ಲಿ ಹಂಚುವ ಸಂತನ ಚಿತ್ರದ ಚೀಟಿಗಾಗಿ ಊರಿನ ಮಕ್ಕಳೆಲ್ಲ ನಿಂತಿರುತ್ತಾರೆ, ನಮ್ಮವಳು ಅವನ ಪಕ್ಕದಲ್ಲಿ ಕೂತಿರುತ್ತಾಳೆ.

ಬಾಯಿ ಮುಚ್ಚಿಕೊಂಡಿದ್ದರೆ ಆ ಹೊಗಳಿಕೆ ನನ್ನದಾಗಿಯೇ ಉಳಿಯುತ್ತಿತ್ತು. ಅದು ನನಗೆ ಬೇಕಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ಯಾವುದಾದರೂ ನೆಪ ಹೇಳಿ ಕೀಲಿ ಬಚ್ಚಿಡಬಹುದೇ ಎಂದೂ ಒಂದು ಗಳಿಗೆ ಯೋಚಿಸಿದೆ. ಆಮೇಲೆ ಹತ್ತಿರ ಹೋಗಿ ಪ್ಲೇಟನ್ನು ಅವನ ಅಂಗೈಯಲ್ಲಿಟ್ಟೆ.

"ಮಾವ, ಪ್ಲೇಟು ಇಲ್ಲಿದೆ. ಬಂಪರ್ ಬೂದು ಇಲ್ಲ, ಕರಿ. ನಾನೇ ಬಳಿದೆ. ಬಿಸಿಲಿಗೆ ಹಾಳಾಗಿದೆ ಅಂದ್ಕೊಂಡೆ. ತಪ್ಪಾಯ್ತು."

ಅವನು ಪ್ಲೇಟಿನ ಅಂಚನ್ನು ಸುತ್ತ ಸವರಿದ. ಬಗ್ಗಲಾರದ ಸೊಂಟವನ್ನು ಬಗ್ಗಿಸಿ ಬಂಪರಿನ ಮೇಲೆ ಹೆಬ್ಬೆರಳು ಎಳೆದ, ಸ್ಕ್ರೂ ತೂತಿನವರೆಗೆ. ಲೇಪ ಮುಗಿದು ಬರೀ ಪ್ಲಾಸ್ಟಿಕ್ ಶುರುವಾಗುವ ಕಡೆ ಬೆರಳು ನಿಂತಿತು.

"ಎರಡು ವರ್ಷದ್ದಾ?"

"ಹೂಂ."

"ದರಿದ್ರದವ್ನೇ."

ಬಾನೆಟ್ಟಿನ ಮೇಲೆ ಕೈಯೂರಿ ನೆಟ್ಟಗಾದ. ನಂತರ ನನ್ನತ್ತ ವಾಲಿ ದನಿ ತಗ್ಗಿಸಿದ.

"ದಾರ್ಯಾಗೆ ಹೇಳ್ಬೇಡ."

ದಾರ್ಯಾ ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಪೂರಾ ಬಿಸಿಲಲ್ಲಿ, ಹಳದಿ ಅಂಗಿ ತೊಟ್ಟು ನಿಂತಿದ್ದಳು. ಕೈಯ ಬಟ್ಟಲನ್ನು ಸದ್ದಾಗದಂತೆ ಪಂಪಿನ ಮೇಲಿಟ್ಟಳು. ಅವಳು ನನ್ನನ್ನೇ ನೋಡುತ್ತಿದ್ದಳು.

"ಹೇಳಲ್ಲ ಮಾವ" ಎಂದೆ.

ಮರುದಿನ ಬೆಳಿಗ್ಗೆ ಅವನು ಸೊಂಟದ ನೋವು ಎಂದು ಎಲ್ಲರಿಗೂ ಕೇಳುವಂತೆ ಸಾರಿ ಕೀಲಿಯನ್ನು ನನ್ನತ್ತ ಎಸೆದ. "ಬಾ ಅಪ್ಪ, ನಿಧಾನ" ಎಂದು ದಾರ್ಯಾ ಕಾರಿನವರೆಗೆ ಕೈ ಹಿಡಿದು ತಂದಳು, ಅದೂ ಸೊಂಟಕ್ಕಾಗಿ ಎಂಬ ಹಾಗೆ. ತಿಂಕಾರಾ ಮೂತಿ ಊದಿಸಿಕೊಂಡು ಹಿಂದೆ ಕೂತಳು. ನಾಲ್ಕಿಯ ಗೇರಿನ ಕೋಲು ಕೊಡೆಯ ಹಿಡಿಯ ಹಾಗೆ ಎದುರಿನ ಡ್ಯಾಶ್‌ಬೋರ್ಡಿನಿಂದ ಚಾಚಿಕೊಂಡಿರುತ್ತದೆ, ನನಗೆ ಅದರ ಅಭ್ಯಾಸವಿಲ್ಲ.

"ಎಳಿ. ಈಗ ತಿರುಗ್ಸು. ತಳ್ಳು ಅಂದೆ, ಗುದ್ದು ಅನ್ಲಿಲ್ಲ!" ಎಂದು ದಾರಿಯುದ್ದಕ್ಕೂ ಬೈದ. ಎರಡು ಸಲ ನನ್ನ ಕೈಯ ಮೇಲೆ ಕೈಯಿಟ್ಟು ಗೇರು ಬದಲಿಸಿದ.

ಚರ್ಚಿನ ಮುಂದೆ ಸಾಲು ನಿಂತು ನಿಂತು ಚಲಿಸಿತು. ಮಕ್ಕಳು ಕಿಟಕಿಯವರೆಗೂ ನುಗ್ಗುತ್ತಿದ್ದವು. ಪಾದ್ರಿಗಳು ನಮ್ಮ ಮುಂದೆ ಬಂದು ನೀರು ಚಿಮುಕಿಸಿದರು. ಹನಿಗಳು ಬಂಪರಿನ ಮೇಲೆ ಮಣಿಯಾಗಿ ನಿಂತವು, ಲೇಪ ಒಳ್ಳೆಯದೇ. ಅವರು ಬಗ್ಗಿ ನೋಡಿ ಹುಬ್ಬೇರಿಸಿದರು.

"ಏನಿದು ಲುದ್ವಿಕ್, ಬೂದು ಬಂಪರ್ ಕರೀದಾಗಿದೆ?"

ಮಾವ ನೆಟ್ಟಗೆ ಕೂತು ಎದುರಿನ ಗಾಜಿನಾಚೆ ದೃಷ್ಟಿ ನೆಟ್ಟಿದ್ದ.

"ಹೌದು, ಕರೀದೇ" ಎಂದ. "ನಂಗೇನು ಕಣ್ಣು ಕಾಣಲ್ವಾ? ನಾನೇ ಹೇಳಿ ಬಳಿಸಿದ್ದು. ಇವ್ನು ಒಳ್ಳೇ ಕೆಲ್ಸಗಾರ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಗೇರನ್ನು ಎಳೆದು, ತಿರುಗಿಸಿ, ಮೆಲ್ಲಗೆ ತಳ್ಳಿದೆ.