ಬಟಾಣಿ ಪಾಸಾದ ಪರೀಕ್ಷೆ

ಬಟಾಣಿ ಹುಟ್ಟಿದ್ದು ಏಳೇ ತಿಂಗಳಿಗೆ. ತೂಕ ಒಂದು ಕೆಜಿ ಇನ್ನೂರು ಗ್ರಾಂ. ಮೂಗಿಗೊಂದು ನಳಿಕೆ, ಕಾಲಿಗೊಂದು ವೈರು ಅಂಟಿಸ್ಕೊಂಡು ಗಾಜಿನ ಪೆಟ್ಟಿಗೆಯಲ್ಲಿ ನಲವತ್ತೊಂದು ದಿನ ಮಲಗಿದ್ದ. ಮನೆಗೆ ಕಳಿಸುವಾಗ ಡಾಕ್ಟರು ಅಂದಿದ್ದು ಇಷ್ಟು: "ಇಂಥ ಮಕ್ಕಳ ಮಿದುಳು ಮೊದಲೆರಡು ವರ್ಷ ಹಸಿ ಮಣ್ಣಿದ್ದ ಹಾಗೆ. ತಿದ್ದೋದೇನಿದ್ರೂ ಆಗಲೇ. ತಿಂಗಳಿಗೊಂದ್ಸಲ ನಮ್ಮ ವ್ಯಾಯಾಮ ಕೇಂದ್ರಕ್ಕೆ ಕರ್ಕೊಂಡು ಬನ್ನಿ, ತಪ್ಪಿಸಬೇಡಿ."

ಅಜ್ಜಿ ಒಂದು ತಿಂಗಳೂ ತಪ್ಪಿಸಲಿಲ್ಲ, ಅದರಲ್ಲಿ ಬೆರಳು ತೋರಿಸೋ ಹಾಗೇ ಇಲ್ಲ. ಮಗಳು ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯೋಳು, ಅವಳ ರಜೆ ಮುಗಿದುಹೋಗಿತ್ತು. ಅಳಿಯ ಲಾರಿ ಹತ್ತಿದ ಅಂದ್ರೆ ಹದಿನೈದು ದಿನ ಪತ್ತೆ ಇಲ್ಲ. ಹಾಗಾಗಿ ಎರಡು ಬಸ್ಸು ಬದಲಾಯಿಸಿ, ಮೊಮ್ಮಗನ್ನ ಎದೆಗೆ ಅವುಚಿಕೊಂಡು, ಆಸ್ಪತ್ರೆ ಹಿಂದಿನ ಆ ಉದ್ದ ಕೋಣೆಗೆ ಹೋಗ್ತಿದ್ದಿದ್ದು ಅಜ್ಜಿನೇ. ಅಲ್ಲಿ ನೀಲಿ ಚಾಪೆ, ಗೋಡೆಗೆ ಕನ್ನಡಿ, ಒಂದು ದೊಡ್ಡ ಚೆಂಡು. ವ್ಯಾಯಾಮದ ಮೇಡಂ ಬಟಾಣಿನ ಆ ಚೆಂಡಿನ ಮೇಲೆ ಬೋರಲು ಮಲಗಿಸಿ ಹಿಂದೆ ಮುಂದೆ ತೂಗೋರು.

ಐದನೇ ತಿಂಗಳಲ್ಲಿ ಮೇಡಂ ಅವನ ಎಡಗೈ ಹಿಡಿದು ನೋಡಿದ್ರು. ಹೆಬ್ಬೆರಳು ಮುಷ್ಟಿ ಒಳಗೇ ಮಡಚಿಕೊಂಡಿತ್ತು. "ಅಜ್ಜಿ, ಈ ಕೈ ಮೇಲೊಂದು ಕಣ್ಣಿಡಿ. ನಾನು ಬಾಣಂತನಕ್ಕೆ ಹೋಗ್ತಿದೀನಿ, ಹತ್ತನೇ ತಿಂಗಳಲ್ಲಿ ಪರೀಕ್ಷೆ ಇರುತ್ತೆ. ಯಾರು ಮಾಡಿದ್ರೂ ಇದನ್ನ ಮರೀದೆ ಹೇಳಿ."

ಪರೀಕ್ಷೆ! ಅಜ್ಜಿ ಕಿವಿಗೆ ಬಿದ್ದಿದ್ದು ಆ ಒಂದು ಮಾತೇ. ಮೂವತ್ತೆರಡು ವರ್ಷ ನಡುಮನೆಯಲ್ಲಿ ಟ್ಯೂಷನ್ ಹೇಳಿದೋಳು. ಇಡೀ ಬೀದಿಗೇ ಅವಳು 'ಟ್ಯೂಷನ್ ಮಿಸ್'. ತಲೆಗೆ ಏನೂ ಹತ್ತದ ಮಕ್ಕಳನ್ನೂ ಹೇಗೋ ದಡ ಮುಟ್ಟಿಸಿದ್ಲು, ಒಬ್ಬರನ್ನೂ ಫೇಲಾಗೋಕೆ ಬಿಟ್ಟಿರಲಿಲ್ಲ.

ಒಂದಿನ ಕೇಂದ್ರದಲ್ಲಿ ಬೇರೆ ಮಗುವಿನ ಪರೀಕ್ಷೆ ನಡೀತಿತ್ತು. ಅಜ್ಜಿ ಮೂಲೆಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದ್ಲು. ದಾರಕ್ಕೆ ಕಟ್ಟಿದ ಕೆಂಪು ಬಳೆ, ಚೌಕದ ಮರದ ತುಂಡು, ಲೋಟ, ಬಟ್ಟೆ ಕೆಳಗೆ ಬಚ್ಚಿಟ್ಟ ಗಂಟೆ. ಸಿಲಬಸ್ಸು ಪೂರ್ತಿ ಬಾಯಿಪಾಠ! ಮಾರನೇ ದಿನವೇ ಅಷ್ಟೂ ಸಾಮಾನು ಮನೆಗೆ ಬಂತು.

"ಅಮ್ಮಾ, ಡಯಾಪರ್ ಹಾಕೋನಿಗೂ ಟ್ಯೂಷನ್ನಾ?" ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಿದ್ಲು.

"ನಗು ನಗು. ರ‍್ಯಾಂಕ್ ಬಂದಾಗ ನನ್ನ ಹತ್ರಾನೇ ಬರ್ತೀಯ."

ಬಟಾಣಿ ಚುರುಕು ಕಣ್ರೀ. ಬಲಗೈ ಚಾಚಿ ಬಳೆ ಎಳೆಯೋನು, ತುಂಡು ಹಿಡಿಯೋನು, ಬಟ್ಟೆ ಸರಿಸಿ ಗಂಟೆ ಹುಡುಕೋನು. ಎಡಗೈ ಮಾತ್ರ ಬರ್ತಿರಲಿಲ್ಲ. ಅಜ್ಜಿ ಬೆರಳು ಬಿಡಿಸಿದ್ರೆ ಮತ್ತೆ ಮಡಚಿಕೊಳ್ಳೋದು. ನಾಲ್ಕು ದಿನ ನೋಡಿದ್ಲು. ಆಮೇಲೆ, ಲೆಕ್ಕ ಬರದ ಹುಡುಗರಿಗೆ ಆ ಪಾಠವನ್ನೇ ಬಿಡಿಸಿ ಬೇರೆ ಪಾಠ ತಿದ್ದಿಸ್ತಿದ್ದ ಹಾಗೆ, ಎಡಗೈ ಬಿಟ್ಟು ಬಲಗೈಯನ್ನೇ ತಿದ್ದಿದ್ಲು.

ಪರೀಕ್ಷೆ ದಿನ ಬಂದೋರು ಹೊಸ ಡಾಕ್ಟರು. ಬಟಾಣಿ ಎಲ್ಲಾ ಪಟಪಟಾಂತ ಮಾಡಿದ. "ಈಗ ಎಡಗೈಯಲ್ಲಿ ಹಿಡಿಯೋ ಪುಟ್ಟಾ," ಅಂತ ಡಾಕ್ಟರು ತುಂಡು ಚಾಚಿದ್ರು. ಅಜ್ಜಿ ಆ ಮುಷ್ಟಿನ ತನ್ನ ಅಂಗೈಯಲ್ಲಿ ಮುಚ್ಚಿಕೊಂಡ್ಲು.

"ನಿನ್ನೆ ಆ ಕೈಗೆ ಇಂಜೆಕ್ಷನ್ ಆಗಿದೆ ಡಾಕ್ಟ್ರೇ. ಮುಟ್ಟಿದ್ರೆ ಕಿರುಚ್ತಾನೆ."

ಹೊರಗೆ ಇನ್ನೂ ಹತ್ತು ಮಕ್ಕಳು ಅಳ್ತಿದ್ವು. ಡಾಕ್ಟರು ಏನೋ ಗೀಚಿ, "ಪರವಾಗಿಲ್ಲ, ಚೆನ್ನಾಗಿದಾನೆ. ಇನ್ನು ತಿಂಗಳು ತಿಂಗಳು ಬರೋದು ಬೇಡ, ಎರಡು ವರ್ಷ ತುಂಬಿದಾಗ ಒಂದ್ಸಲ ತೋರಿಸಿ," ಅಂದುಬಿಟ್ರು.

"ಪಾಸು ಕಣೇ!" ಅಂತ ಅಜ್ಜಿ ಫೋನಲ್ಲಿ ಕೂಗಿದ್ದಕ್ಕೆ ಬಸ್ಸಿನೋರೆಲ್ಲ ತಿರುಗಿ ನೋಡಿದ್ರು.

ಒಂದೂವರೆ ವರ್ಷ ತುಂಬಿದಾಗ ಮಗಳೇ ಕಂಡುಹಿಡಿದಳು. ಅಂಗಿ ಹಾಕುವಾಗ ಎಡಗೈ ತೋಳಿನೊಳಗೆ ಹೋಗ್ತಾನೇ ಇಲ್ಲ. ಮೊಣಕೈ ಮಡಚಿ ಎದೆಗಂಟಿದೆ. "ಬಲಗೈ ಮಗು ಕಣೇ, ಅಷ್ಟೇ," ಅಂತ ಅಜ್ಜಿ ಅಂದ್ಲು. ಮಗಳು ರಜೆ ಹಾಕಿ ಮೂವರೂ ಹೊರಟ್ರು.

ವ್ಯಾಯಾಮದ ಮೇಡಂ ವಾಪಸ್ಸು ಬಂದಿದ್ರು. ಕೈ ನೋಡಿ ಮುಖ ಚಿಕ್ಕದಾಯ್ತು. "ಎಂಟು ತಿಂಗಳು ಎಲ್ಲಿ ಹೋಗಿದ್ರಮ್ಮಾ?"

"ಪಾಸು ಅಂದ್ರಲ್ಲ ಮೇಡಂ!" ಮಗಳು ಅಂದ್ಲು.

ಮೇಡಂ ಫೈಲು ತಿರುವಿದ್ರು. "ಎಡಗೈ ನೋಡಿಲ್ಲ, ಇಂಜೆಕ್ಷನ್ ನೋವು ಅಂತ ಬರೆದಿದೆ."

"ಅಯ್ಯೋ, ಇಂಜೆಕ್ಷನ್‌ನಿಂದ ಹೀಗಾಯ್ತಾ?" ಮಗಳು ಕೇಳಿದ್ಲು.

"ಇಲ್ಲಮ್ಮ, ಅದರಿಂದ ಹೀಗಾಗಲ್ಲ. ಬೇಗ ಹುಟ್ಟಿದಾಗ ಮಿದುಳಿಗೆ ಬಿದ್ದ ಪೆಟ್ಟು ಇದು."

"ಹಾಗಾದ್ರೆ ನಾನೇ." ಮಗಳು ಚಾಪೆ ಮೇಲೆ ಕುಸಿದು ಕೂತಳು. "ಪೂರ್ತಿ ತಿಂಗಳು ಹೊರೋಕಾಗದೋಳು ನಾನೇ ಅಲ್ವಾ ಮೇಡಂ?"

ಅಜ್ಜಿ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಮಗಳು ಹಣೆ ಹಣೆ ಚಚ್ಚಿಕೊಳ್ಳೋದನ್ನ ನೋಡ್ತಾ ಎಷ್ಟು ಹೊತ್ತು ಅಂತ ಕೂರ‍್ತಾಳೆ?

"ಇಂಜೆಕ್ಷನ್ನೇ ಆಗಿರಲಿಲ್ಲ," ಅಂದ್ಲು. "ನಾನೇ ಸುಳ್ಳು ಹೇಳಿದ್ದು. ಕೈ ಬರಲ್ಲ ಅಂತ ಗೊತ್ತಿತ್ತು. ಮೇಡಂ ಹೇಳಿ ಅಂದಿದ್ರು, ಹೇಳಲಿಲ್ಲ."

ಮಗಳು ಮೇಡಂ ಕಡೆ ತಿರುಗಿ ಕೇಳಿದ್ಲು, "ಆಗಲೇ ಶುರು ಮಾಡಿದ್ರೆ ಸರಿಹೋಗ್ತಿತ್ತಾ?"

"ಪೂರ್ತಿ ಅಂತ ಹೇಳಲಾರೆ. ಸ್ವಲ್ಪ ಬಿಡಿಸ್ಕೊಳ್ತಿತ್ತೇನೋ. ಎಷ್ಟು ಅಂತ ಈಗ ಯಾರಿಗೂ ಗೊತ್ತಾಗಲ್ಲಮ್ಮ."

"ಈಗ?"

"ಮಾಡೋಣ. ಆದ್ರೆ ಆಸೆ ಜಾಸ್ತಿ ಇಟ್ಕೋಬೇಡಿ. ಅವನ ಜಾಗ ಬೇರೆ ಮಗುವಿಗೆ ಹೋಗಿದೆ, ನಾಲ್ಕು ತಿಂಗಳು ಕಾಯಬೇಕು."

ಮಗಳು ಆಗ ಅಮ್ಮನ ಕಡೆ ತಿರುಗಿದ್ಲು. "ಯಾಕಮ್ಮಾ?"

"ಅವನು ಫೇಲಾಗೋದನ್ನ ನೋಡಕ್ಕಾಗಲಿಲ್ಲ ಕಣೇ."

"ಫೇಲಾಗಿದ್ರೇನೇ ಅಲ್ವೇನಮ್ಮಾ ಇವರು ಇಟ್ಕೊಳ್ತಿದ್ದಿದ್ದು?"

ಅಜ್ಜಿ ಬಟಾಣಿನ ಎಳೆದು ತೊಡೆ ಮೇಲೆ ಕೂರಿಸ್ಕೊಂಡ್ಲು.

ಮೇಡಂ ಹೊಸ ಅರ್ಜಿ ಕೊಟ್ರು. ಮಗಳು ಮಗುವಿನ ಹೆಸರು, ತೂಕ, ಹುಟ್ಟಿದ ತಾರೀಖು ಎಲ್ಲಾ ತುಂಬಿದ್ಲು. 'ಮಗುವನ್ನು ಕರೆತರುವವರು' ಅಂತ ಇದ್ದ ಕಡೆ ಪೆನ್ನು ನಿಂತಿತು.

"ಭಾನುವಾರ ಇರುತ್ತಾ ಮೇಡಂ?"

"ಇಲ್ಲಮ್ಮ. ಈಗ ವಾರಕ್ಕೊಂದ್ಸಲ ಬರಬೇಕು, ಅದೂ ಸೋಮವಾರದಿಂದ ಶುಕ್ರವಾರದೊಳಗೆ, ಬೆಳಗ್ಗೆ ಮಾತ್ರ."

"ಸಂಜೆ? ಆರರ ಮೇಲೆ?"

ಮೇಡಂ ಇಲ್ಲ ಅಂತ ತಲೆ ಅಲ್ಲಾಡಿಸಿದ್ರು. ತಿಂಗಳಿಗೆ ಎರಡು ರಜೆ ಹಾಕಿದ್ರೆ ಫ್ಯಾಕ್ಟರಿಯಲ್ಲಿ ಮಷೀನು ಬೇರೆಯವರಿಗೆ. ಗಂಡ ಎಲ್ಲೋ ರಸ್ತೆ ಮೇಲೆ. ಅಜ್ಜಿ ಆ ಖಾಲಿ ಗೆರೆಯನ್ನೇ ನೋಡ್ತಿದ್ಲು. ನಾನು ಬರ್ತೀನಿ ಅನ್ನೋಕೆ ಬಾಯಿಲ್ಲ, ಬರಲ್ಲ ಅನ್ನೋಕೂ ಬಾಯಿಲ್ಲ.

ಕೊನೆಗೆ ಮಗಳು 'ಅಜ್ಜಿ' ಅಂತ ಬರೆದು, ಅರ್ಜಿ ಕೊಟ್ಟು, ಬಟಾಣಿನ ಅಜ್ಜಿ ತೊಡೆಯಿಂದ ಎತ್ತಿಕೊಂಡು ಬಾಗಿಲ ಕಡೆ ನಡೆದಳು.