ಮೇಲಿನ ಹಲ್ಲು ಕಿತ್ತರೆ

ಅಕ್ಕಯಮ್ಮ ಎದುರಿಗೆ ಹಾವು ಹರಿದರೂ ಕೋಲು ಹುಡುಕುವ ಹೆಂಗಸು. ಅಂಥವಳಿಗೆ ತನ್ನದೇ ಬಾಯೊಳಗಿನ ಒಂದು ಕೋರೆಹಲ್ಲೆಂದರೆ ಮಾತ್ರ ಎಲ್ಲಿಲ್ಲದ ಹೆದರಿಕೆ. ಬಲಗಡೆಯ ಮೇಲಿನ ಹಲ್ಲು ಅದು. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ತುಂಡಾದ ರೇಷ್ಮೆ ಎಳೆಗಳನ್ನು ಗಂಟು ಹಾಕಿ ಸೇರಿಸುವುದು ಅವಳ ಕೆಲಸ. ಗಂಟಿನ ತುದಿಗೆ ಕತ್ತರಿ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಅಲ್ಲಿನ ಹೆಂಗಸರೆಲ್ಲ ಹಲ್ಲಿನಲ್ಲೇ ಕಟಕ್ಕೆಂದು ಕಡಿಯುತ್ತಾರೆ. ಹಾಗೆ ಕಡಿದೂ ಕಡಿದೂ ಆ ಹಲ್ಲು ಸವೆದಿತ್ತು, ಹುಳುಕು ಹಿಡಿದಿತ್ತು, ಈಗ ಒಸಡಿನಲ್ಲಿ ರಕ್ತ ಬೇರೆ.

ಡಾಕ್ಟರಿಗೆ ತೋರಿಸಿ ಕೀಳಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಎನ್ನಿ, ಎನ್ನಿ, ನಿಮಗೇನು! ಮೇಲಿನ ಹಲ್ಲು ಕಿತ್ತರೆ ಕಣ್ಣಿನ ನರವೂ ಕಿತ್ತು ಬರುತ್ತದೆ ಎಂಬುದು ಅವಳ ಊರಾದ ಸಾಸಲಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಕ್ಕಯಮ್ಮನಿಗಂತೂ ಅದರ ಸಾಕ್ಷಿ ಮನೆಯ ಜಗಲಿಯ ಮೇಲೇ ಕೂತಿತ್ತು. ಅವಳ ಅವ್ವ ಮೇಲಿನ ಹಲ್ಲು ಕೀಳಿಸಿದ ಮೇಲೆಯೇ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮುದ್ದೆಯ ತಟ್ಟೆಗಾಗಿ ನೆಲ ತಡಕುವ ಅವ್ವನ ಕೈ ನೋಡಿದಾಗೆಲ್ಲ ಅಕ್ಕಯಮ್ಮ ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕೂದಲಿಗಿಂತ ಸಣ್ಣ ಎಳೆ ಹುಡುಕಿ ಅನ್ನ ದುಡಿಯುವವಳಿಗೆ ಕಣ್ಣು ಹೋದರೆ ಇನ್ನೇನು ಉಳಿದೀತು?

ಅದಕ್ಕೇ ಹಲ್ಲನ್ನು ಕಾಪಾಡಿಕೊಳ್ಳಲು ಹೊರಟಳು. ಕಾಪಾಡಿದ ಚೆಂದ ಕೇಳಿ. ರಕ್ತ ಬರುತ್ತದೆಂದು ಆ ಕಡೆಗೆ ಬ್ರಷ್ ತಾಗಿಸುವುದನ್ನೇ ಬಿಟ್ಟಳು. ನೋವು ಎದ್ದಾಗ ಚಿಟಿಕೆ ಕಡ್ಡಿಪುಡಿ, ಅದೇ ಹೊಗೆಸೊಪ್ಪಿನ ಪುಡಿ, ಒಸಡಿನ ಸಂದಿಗೆ ತುರುಕಿ ಸುಮ್ಮನೆ ಕೂರುತ್ತಿದ್ದಳು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಗಳು ಸಿಂಚನ ಬೈದೂ ಬೈದೂ ಸೋತಳು.

"ಅಮ್ಮಾ, ರಕ್ತ ಬರೋ ಕಡೆನೇ ಮೆತ್ತನೆ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಬೇಕಂತೆ. ಬೆಳಿಗ್ಗೆ ಒಂದ್ಸಲ, ಮಲಗೋಕ್ ಮುಂಚೆ ಒಂದ್ಸಲ. ಕೊಳೆ ಕೂತ್ಕೊಂಡ್ರೇನೇ ಒಸಡು ಕೆಡೋದು. ಫ್ಯಾಕ್ಟ್ರಿಗೆ ಬಂದಿದ್ ಡಾಕ್ಟ್ರು ಹೇಳಿದ್ರು."

"ಸುಮ್ನಿರೇ! ಉಜ್ಜೀ ಉಜ್ಜೀ ಹಲ್ಲು ಬಿದ್ದೋದ್ರೆ ನಿಮ್ ಡಾಕ್ಟ್ರು ಬಂದು ಕಣ್ ಕೊಡ್ತಾರಾ?"

"ಕೀಳಿಸ್ಬ್ಯಾಡ ಕಣೇ ಮಗಾ, ನನ್ ಗತಿ ನೋಡು," ಎಂದು ಜಗಲಿಯಿಂದ ಅವ್ವ ಕೂಗುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಬಚ್ಚಲಿಗೆ ಮುಖ ತೊಳೆಯಲು ಹೋದ ಅಕ್ಕಯಮ್ಮ ಕಿಟಾರನೆ ಕಿರುಚಿಕೊಂಡಳು. ಬಲಗೆನ್ನೆ ಬನ್ನಿನ ಹಾಗೆ ಊದಿತ್ತು. ಊತ ಮೂಗಿನ ಪಕ್ಕದಿಂದ ಏರಿ ರೆಪ್ಪೆಯನ್ನೇ ಮುಚ್ಚಿಬಿಟ್ಟಿತ್ತು. ಬೆರಳು ಹಾಕಿ ಬಿಡಿಸಲು ನೋಡಿದಳು. ಬಿಡಲಿಲ್ಲ.

"ಹೋಯ್ತು ಕಣವ್ವೋ! ನನ್ ಕಣ್ಣು ಹೋಯ್ತು!"

ಹಲ್ಲು ಇನ್ನೂ ಬಾಯಲ್ಲೇ ಇದೆ, ಕೀಳಿಸಿಲ್ಲ, ಆದರೂ ಕಣ್ಣು ಹೋಯಿತೆಂದರೆ ಇದೆಂಥ ನ್ಯಾಯ ದೇವರೇ! ಸಿಂಚನ ಓಡಿಹೋಗಿ ಆಟೋ ಕರೆತಂದಳು. ಅವ್ವನೂ ಗೋಡೆ ಹಿಡಿದುಕೊಂಡು ಬಂದು ಹತ್ತಿದಳು. "ನಾನೂ ಬರ್ತೀನಿ. ನಾನಿರೋಗಂಟ ಹಲ್ಲು ಕೀಳೋಕೆ ಬಿಡಾಕಿಲ್ಲ," ಎಂಬುದು ಅವಳ ಹಟ.

ದೊಡ್ಡಬಳ್ಳಾಪುರದವರೆಗೂ ಅಕ್ಕಯಮ್ಮ ಒಂದೇ ಕಣ್ಣಿನಲ್ಲಿ ರಾಗಿ ಹೊಲ, ಅಂಗಡಿ, ಬೋರ್ಡು, ದನ ಎಲ್ಲವನ್ನೂ ರೆಪ್ಪೆ ಮಿಟುಕಿಸದೆ ನೋಡಿದಳು. ಈ ಇನ್ನೊಂದೂ ಹೋದರೆ? ಅವ್ವನ ಪಕ್ಕ ಜಗಲಿಯ ಮೇಲೆ ತಾನೂ ಕೂತು ತಟ್ಟೆ ತಡಕುವ ಚಿತ್ರ ಕಣ್ಣಿಗೆ ಕಟ್ಟಿ, ಅಳು ಒತ್ತರಿಸಿ ಬಂತು. ಸಿಂಚನ ಅವಳ ಕೈ ಬಿಡಲಿಲ್ಲ.

ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಬೇರಲ್ಲಿ ಕೀವು ತುಂಬ್ಕೊಂಡು ಕಣ್ಣಿನ ಹತ್ರ ಏರಿದೆ. ಶುರುನಲ್ಲೇ ಬಂದಿದ್ರೆ ಕ್ಲೀನ್ ಮಾಡಿ ಫಿಲ್ಲಿಂಗ್ ಮಾಡ್ತಿದ್ದೆ, ಹಲ್ಲು ಉಳೀತಿತ್ತು. ಈಗ ಕೀಳ್ಲೇಬೇಕು. ಬಿಟ್ರೆ ಕಣ್ಣಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ."

ನೋಡಿ, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು!

"ಬ್ಯಾಡ ತಾಯೀ!" ಅವ್ವ ಗಾಳಿಯಲ್ಲೇ ಕೈ ಮುಗಿದಳು. "ನಂಗಾದಂಗೆ ಇವ್ಳಿಗೂ ಆಗ್ಬಿಡ್ತದೆ!"

ಕಿತ್ತರೆ ಕಣ್ಣು ಹೋಗುತ್ತದೆ ಎನ್ನುತ್ತಾಳೆ ಹೆತ್ತವಳು. ಕೀಳದಿದ್ದರೆ ಹೋಗುತ್ತದೆ ಎನ್ನುತ್ತಾಳೆ ಓದಿದವಳು. ಅಕ್ಕಯಮ್ಮ ಯಾರ ಮಾತು ಕೇಳಬೇಕು? ಕುಲದೇವರಿಗೆ ಹರಕೆ ಹೊತ್ತು, ಮಗಳ ಕೈಯನ್ನು ಉಗುರು ನಾಟುವಂತೆ ಹಿಡಿದು, ಬಾಯಿ ತೆರೆದಳು.

ಇಂಜೆಕ್ಷನ್ ಕೊಟ್ಟ ಮೇಲೆ ನೋವು ಗೊತ್ತಾಗಲಿಲ್ಲ. ಹಲ್ಲು ಬುಡದಲ್ಲಿ ಕರಕರ ಎಂದ ಸದ್ದು ಮಾತ್ರ ತಲೆಯೊಳಗೆಲ್ಲ ಕೇಳಿಸಿತು. ನರ ಬಂತು, ಇಗೋ ಬಂತು ಎಂದು ಅವಳು ಇದ್ದ ಒಂದು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಳು. ಹಲ್ಲು ತಟ್ಟೆಗೆ ಬಿದ್ದು, ಕೀವು ಹರಿದು ಹೋಗಿ, ಡಾಕ್ಟರಮ್ಮ ಹತ್ತಿ ಇಟ್ಟು ಕಚ್ಚಿಸಿದ ಮೇಲೂ ಅದನ್ನು ತೆರೆಯಲಿಲ್ಲ.

"ಊತ ಇಳಿಯೋಕೆ ಟೈಮ್ ಬೇಕು, ಮಾತ್ರೆ ಕೊಡ್ತೀನಿ. ಭಯ ಬೇಡ, ನೋಡಿ," ಎಂದು ಡಾಕ್ಟರಮ್ಮ ಅವಳ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ಊದಿದ ಬಲಗಣ್ಣಿನ ರೆಪ್ಪೆಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು. "ಏನ್ ಕಾಣುತ್ತೆ?"

ಮೊದಲು ಬರೀ ಬೆಳಕು. ಆಮೇಲೆ ಬಾಗಿಲ ಬಳಿ ಒಂದು ಹಸಿರು ಸೀರೆ, ಅದರ ಮೇಲೊಂದು ಸುಕ್ಕು ಮುಖ.

"ಅವ್ವ," ಎಂದಳು ಅಕ್ಕಯಮ್ಮ ಹತ್ತಿ ಕಚ್ಚಿಕೊಂಡೇ. "ಅವ್ವ ಕಾಣ್ತಾವ್ಳೆ!" ಸಿಂಚನ ಗಳಗಳನೆ ಅತ್ತುಬಿಟ್ಟಳು.

ಅವ್ವ ಅಳಲಿಲ್ಲ. "ಹಲ್ಲು ಕಿತ್ತಾಯ್ತಾ?" ಎಂದಳು.

"ಆಯ್ತಜ್ಜಿ."

"ಆದ್ರೂ ಕಣ್ ಕಾಣ್ತೈತಾ?"

"ಕಾಣ್ತೈತವ್ವ."

"ಹಂಗಾದ್ರೆ ನನ್ ಕಣ್ ಯಾಕೆ ಹೋಯ್ತು?"

ಡಾಕ್ಟರಮ್ಮ ಟಾರ್ಚು ಹಿಡಿದು ಮುದುಕಿಯ ಬಿಳಿಚಿದ ಕಣ್ಣುಗಳನ್ನು ನೋಡಿದಳು. "ನಾನು ಹಲ್ಲಿನ ಡಾಕ್ಟ್ರು. ಆದ್ರೂ ಇದು ಪೊರೆ ಇದ್ದಂಗಿದೆ ಅಜ್ಜಿ, ಆಪರೇಷನ್ ಮಾಡಿದ್ರೆ ಕಾಣ್ಬೋದೇನೋ. ಕಣ್ಣಿನ ಡಾಕ್ಟ್ರು ಏನಂದ್ರು?"

ಯಾವ ಕಣ್ಣಿನ ಡಾಕ್ಟರು? ಹಲ್ಲು ಕಿತ್ತದ್ದೇ ಕಾರಣವೆಂದು ಮನೆಮಂದಿಗೆಲ್ಲ ಗೊತ್ತಿತ್ತಲ್ಲ, ಇಷ್ಟು ವರ್ಷದಲ್ಲಿ ಯಾರೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವ್ವ ಉತ್ತರಕ್ಕಾಗಿ ಮಗಳಿದ್ದ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದಳು. ಆ ಮುಖ ನೋಡಲು ಅಕ್ಕಯಮ್ಮನಿಗೆ ಹೆದರಿಕೆಯಾಯಿತು.